ನಾಟಿಲಸ್ ಚಿಪ್ಪು ಮತ್ತು 'ದೈವಿಕ' ಅನುಪಾತ

ನಾಟಿಲಸ್ ಎಂಬ ಸಮುದ್ರಜೀವಿಯ ಚಿಪ್ಪಿನ ಸುರುಳಿಯಲ್ಲಿ ಸುವರ್ಣ ಅನುಪಾತ, ಅಂದರೆ ಸುಮಾರು 1.618, ಅಡಗಿದೆ, ಅದಕ್ಕೇ ಆ ಅನುಪಾತ ದೈವಿಕ ಅಂತಾರೆ, ನಿಜವೇ ಎಂದು ಕೇಳಿದ್ದೀರಿ. ಚಿಪ್ಪಿನ ಮಾತು ಸರಿಯಲ್ಲ. ಈ ಅನುಪಾತದಿಂದ ಬರೆಯುವ ಸುವರ್ಣ ಸುರುಳಿ ಒಂದು ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗುತ್ತದೆ. ನಾಟಿಲಸ್ ಹಿಗ್ಗುವುದು ಹೆಚ್ಚುಕಮ್ಮಿ 3 ಪಟ್ಟು. ಫೋಟೋ ಮೇಲೆ ದಪ್ಪ ಗೆರೆ ಎಳೆದರೆ ಯಾವುದು ಬೇಕಾದರೂ ಹೊಂದಿದ ಹಾಗೆ ಕಾಣುತ್ತದೆ, ಅಲ್ವಾ?

ಆದರೆ 'ದೈವಿಕ' ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ಗೆ ಇದು ಗೆರೆಯನ್ನು ಎರಡು ಭಾಗ ಮಾಡುವ ಒಂದು ವಿಧಾನ, ಅಷ್ಟೇ: ಇಡೀ ಗೆರೆ ದೊಡ್ಡ ತುಂಡಿನ ಎಷ್ಟು ಪಟ್ಟೋ, ದೊಡ್ಡ ತುಂಡು ಚಿಕ್ಕದರ ಅಷ್ಟೇ ಪಟ್ಟು. ಅದಕ್ಕೆ ದೇವರನ್ನು ತಂದದ್ದು ಇಟಲಿಯ ಪಾದ್ರಿ, ಗಣಿತಜ್ಞ ಲೂಕಾ ಪಚೋಲಿ, 1509ರ ತನ್ನ ಪುಸ್ತಕದಲ್ಲಿ. ಚಿತ್ರ ಬರೆದುಕೊಟ್ಟವನು ಲಿಯೊನಾರ್ಡೊ ಡ ವಿಂಚಿ! ಪಚೋಲಿಯ ವಾದ ನನಗೆ ತುಂಬಾ ಇಷ್ಟ. ಈ ಅನುಪಾತದಲ್ಲಿ ಇಡೀ ಗೆರೆ, ದೊಡ್ಡ ತುಂಡು, ಚಿಕ್ಕ ತುಂಡು ಎಂದು ಮೂರು ಇವೆ, ತಂದೆ, ಮಗ, ಪವಿತ್ರಾತ್ಮ ಎಂದು ಮೂರಾಗಿಯೂ ಒಬ್ಬನೇ ಆದ ಕ್ರೈಸ್ತ ದೇವರ ಹಾಗೆ. ಇದನ್ನು ಯಾವ ಭಿನ್ನರಾಶಿಯಲ್ಲೂ ಪೂರ್ತಿ ಹೇಳಲಾಗದು, ದೇವರನ್ನು ಮಾತಿನಲ್ಲಿ ಹೇಳಲಾಗದ ಹಾಗೆ.

ನಿಜವಾಗಿ ನೋಡಬೇಕೆಂದರೆ ಚಿಪ್ಪು ಬಿಡಿ, ಐದೂ ಮೂಲೆ ಒಂದೇ ಸಮ ಇರುವ ನಕ್ಷತ್ರ ಬಿಡಿಸಿ. ಅದರ ಗೆರೆಗಳು ಒಂದನ್ನೊಂದು ಕತ್ತರಿಸುವುದು ಸರಿಯಾಗಿ ಇದೇ ಅನುಪಾತದಲ್ಲಿ.