ಮುತ್ಯಾನ ಮೆಡಲ್ ಯಾವ ಕಾರ್ಯಕ್ಕೆ ಬಂತು ಅಂತ ಪತ್ತೆ ಹಚ್ಚುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಜಮಖಂಡಿ ಹತ್ತಿರದ ಹಳ್ಳಿಯವರಾದ ನಿಮ್ಮ ಮುತ್ಯಾ ಎರಡನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ ಸೇರಿ ಇಟಲಿಗೆ ಹೋಗಿದ್ದರು. ಟ್ರಂಕಿನಲ್ಲಿ ಐದಾರು ಪದಕಗಳಿವೆ. ಅದರಲ್ಲಿ ಒಂದರ ಹಿಂದೆ ‘ಫಾರ್ ಬ್ರೇವರಿ ಇನ್ ದ ಫೀಲ್ಡ್’ ಎಂದು ಕೊರೆದಿದೆ. ಅದು ಶೌರ್ಯ ಪದಕ ಅಂತ ನಿಮ್ಮ ಕಾಕಾ ಹೇಳುತ್ತಾರೆ, ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟಿದ್ದು ಅಂತ ಊರವರು. ಯಾರ ಮಾತು ಖರೆ, ಏನು ಮಾಡಿದ್ದಕ್ಕೆ ಬಂತು ಅನ್ನೋದು ಎಲ್ಲಿ ಬರೆದಿರುತ್ತದೆ?

ಕಾಕಾ ಹೇಳಿದ್ದೇ ಖರೆ. ಅದು ಮಿಲಿಟರಿ ಮೆಡಲ್. 1916ರಲ್ಲಿ ಶುರುವಾದದ್ದು, ಬೆಳ್ಳಿಯದು, ಅಡ್ಡಳತೆ 36 ಮಿಲಿಮೀಟರ್. ಸಿಪಾಯಿಯಿಂದ ಹವಾಲ್ದಾರನವರೆಗಿನವರಿಗೆ ರಣಾಂಗಣದ ಶೌರ್ಯಕ್ಕಾಗಿ ಕೊಡುತ್ತಿದ್ದರು. ಜಮಾದಾರ, ಸುಬೇದಾರರಿಗೆ ಅದರ ಬದಲು ಮಿಲಿಟರಿ ಕ್ರಾಸ್ ಇತ್ತು. ನಿಮ್ಮ ಮುತ್ಯಾ ಸುಬೇದಾರರಾಗಿ ನಿವೃತ್ತರಾಗಿದ್ದರೆ ಗೊಂದಲ ಬೇಡ, ಈ ಪದಕ ಬಂದಾಗ ಅವರು ಕೆಳಗಿನ ದರ್ಜೆಯಲ್ಲಿದ್ದರು ಅಂತಷ್ಟೇ ಅರ್ಥ.

ಊರವರು ತಪ್ಪು ತಿಳಿಯಲು ಕಾರಣ ಉಳಿದ ಪದಕಗಳು. ತಾಮ್ರದ ಬಣ್ಣದ ಆರು ಮೂಲೆಯ ನಕ್ಷತ್ರಗಳು (1939-45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್), ಹಿಂದೆ ಸಿಂಹ ಇರುವ ವಾರ್ ಮೆಡಲ್, ಭಾರತದ ನಕಾಶೆ ಇರುವ ಇಂಡಿಯಾ ಸರ್ವಿಸ್ ಮೆಡಲ್, ಇವು ನಿಗದಿತ ಅವಧಿ, ನಿಗದಿತ ಜಾಗದಲ್ಲಿ ಸೇವೆ ಮಾಡಿದ ಎಲ್ಲರಿಗೂ ಸಿಕ್ಕವು. ಆದರೆ ವಾರ್ ಮೆಡಲ್ಲಿನ ರಿಬ್ಬನ್ ಮೇಲೆ ಕಂಚಿನ ಸಣ್ಣ ಎಲೆಯೊಂದು ಕೂತಿದ್ದರೆ ಅದು ಬೇರೆ ವಿಷಯ. ಸೇನಾಪತಿಯ ವರದಿಯಲ್ಲಿ ಆ ಸೈನಿಕನ ಹೆಸರು ಉಲ್ಲೇಖವಾಗಿದೆ ಎಂಬುದರ ಗುರುತು ಅದು. ಇದನ್ನು ಬಹಳ ಮನೆಗಳಲ್ಲಿ ಗಮನಿಸುವುದೇ ಇಲ್ಲ.

ರಿಬ್ಬನ್ ಉಳಿದಿದ್ದರೆ ಅದನ್ನೂ ನೋಡಿ. ಮಿಲಿಟರಿ ಮೆಡಲ್ಲಿನದು ಕಡುನೀಲಿ, ನಡುವೆ ಬಿಳಿ-ಕೆಂಪು-ಬಿಳಿ-ಕೆಂಪು-ಬಿಳಿ ಪಟ್ಟೆ. ‘ಫಾರ್ ಡಿಸ್ಟಿಂಗ್ವಿಶ್ಡ್ ಸರ್ವಿಸ್’ ಎಂದಿರುವ ಇನ್ನೊಂದು ಬೆಳ್ಳಿ ಪದಕವಿದ್ದರೆ ಅದು ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. 1907ರಿಂದ 1947ರವರೆಗೆ ಇದ್ದದ್ದು, ಮಿಲಿಟರಿ ಮೆಡಲ್ಲಿಗಿಂತ ಒಂದು ಮೆಟ್ಟಿಲು ಮೇಲಿನದು. ಅದಕ್ಕೂ ಮೇಲೆ 1837ರಷ್ಟು ಹಿಂದೆಯೇ ಆರಂಭವಾದ ಇಂಡಿಯನ್ ಆರ್ಡರ್ ಆಫ್ ಮೆರಿಟ್. 1911ರವರೆಗೆ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆಯುವ ಅರ್ಹತೆ ಇರಲಿಲ್ಲ, ಅಲ್ಲಿಯವರೆಗೆ ಅವರಿಗೆ ಸಿಗಬಹುದಾಗಿದ್ದ ದೊಡ್ಡ ಶೌರ್ಯ ಗೌರವ ಇದೇ.

ಈಗ ಮುಖ್ಯ ಕೆಲಸ. ಹೆಸರು ಹಿಡಿದು ಹುಡುಕಲು ಹೋಗಬೇಡಿ, ನಂಬರ್ ಹಿಡಿದು ಹುಡುಕಿ. ಪದಕದ ಅಂಚಿನ ಮೇಲೆ ಸುತ್ತಲೂ ಸೈನಿಕನ ನಂಬರ್, ದರ್ಜೆ, ಹೆಸರು, ಪಲ್ಟನ್ ಅಚ್ಚೊತ್ತಿರುತ್ತದೆ. ಅಂಚಿನ ಸುತ್ತಳತೆ ಸುಮಾರು 113 ಮಿಲಿಮೀಟರ್, ಅಷ್ಟರಲ್ಲೇ ಎಲ್ಲವನ್ನೂ ತುರುಕಿರುವುದರಿಂದ ಅಕ್ಷರ ಬಹಳ ಸಣ್ಣವು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮೊಬೈಲಿನಲ್ಲಿ ಆರೇಳು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕಿ ಓರೆ ಬೆಳಕಿನ ನೆರಳಲ್ಲಿ ಎದ್ದು ಬರುತ್ತದೆ. ಹುಣಸೆಹಣ್ಣು, ಬೂದಿ, ಪಾಲಿಶ್ ಯಾವುದನ್ನೂ ಹಚ್ಚಬೇಡಿ. ದಸರೆಗೊಮ್ಮೆ ಪ್ರೀತಿಯಿಂದ ಉಜ್ಜಿ ಉಜ್ಜಿ ಅಂಚಿನ ಅಕ್ಷರ ಸವೆದುಹೋದ ಪದಕಗಳು ನಮ್ಮ ಕಡೆ ಬೇಕಾದಷ್ಟಿವೆ, ಆ ಅಕ್ಷರ ಹೋದರೆ ಸೈನಿಕನನ್ನು ದಾಖಲೆಗೆ ಕಟ್ಟುವ ದಾರವೇ ಹರಿದಂತೆ. ಒಂದು ಅಂಕಿ ಮಾತ್ರ ಅಳಿಸಿದ್ದರೆ ಹೆದರಬೇಡಿ, ಆ ಜಾಗಕ್ಕೆ 0ಯಿಂದ 9ರವರೆಗೆ ಒಂದೊಂದೇ ಹಾಕಿ ಹುಡುಕಬಹುದು.

ಅಂಚಿನಲ್ಲಿರುವ ಪಲ್ಟನ್ ಹೆಸರನ್ನು ಮನೆಯ ಮಾತಿಗಿಂತ ಹೆಚ್ಚು ನಂಬಿ. ಬೆಳಗಾವಿಯಿಂದ ಹೋದವರೆಲ್ಲ ಮರಾಠಾ ಲೈಟ್ ಇನ್ಫೆಂಟ್ರಿಯವರಲ್ಲ. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದ್ದು 1941ರಲ್ಲಿ ಬೆಳಗಾವಿಯಲ್ಲೇ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಸಾಮಗ್ರಿ ಸಾಗಿಸುವ ಸರ್ವಿಸ್ ಕೋರ್, ತೋಪಖಾನೆಗಳಿಗೂ ಈ ಜಿಲ್ಲೆಗಳ ಹುಡುಗರು ಸೇರಿದ್ದರು.

ನಂಬರ್ ಕೈಗೆ ಬಂದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದ ವೆಬ್‌ಸೈಟಿಗೆ ಹೋಗಿ. ಅಲ್ಲಿ ಡಬ್ಲ್ಯೂಒ 373 ಎಂಬ ದಾಖಲೆ ಸರಣಿಯಿದೆ. ಎರಡನೇ ಮಹಾಯುದ್ಧದ ಸೇನಾ ಪ್ರಶಸ್ತಿಗಳ ಶಿಫಾರಸು ಹಾಳೆಗಳು ಬಹುಪಾಲು ಅದರಲ್ಲಿ ಸ್ಕ್ಯಾನ್ ಆಗಿವೆ. ಸರಣಿಯ ಸಂಖ್ಯೆ ಮತ್ತು ಮುತ್ಯಾನ ನಂಬರ್ ಎರಡನ್ನೇ ಕೊಟ್ಟು ಹುಡುಕಿ. ಹುಡುಕಲು ದುಡ್ಡಿಲ್ಲ, ಹಾಳೆಯ ಪ್ರತಿಗೆ ಸಣ್ಣ ಶುಲ್ಕ. ಪಟ್ಟಿಯಲ್ಲಿ ಹೆಸರು, ದರ್ಜೆ, ನಂಬರ್, ರೆಜಿಮೆಂಟ್, ಯುದ್ಧಭೂಮಿ, ಪದಕ, ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್ಟಿನ ತಾರೀಖು ಇಷ್ಟೂ ಒಂದೇ ಕಡೆ ಕಾಣುತ್ತವೆ.

ಹೆಸರಿನಿಂದ ಹುಡುಕಿದವರು ಸೋಲುವುದು ಯಾಕೆಂದರೆ, ಹೆಸರನ್ನು ಬರೆದವನು ಮರಾಠಿ ಕನ್ನಡ ಗೊತ್ತಿಲ್ಲದ ಗುಮಾಸ್ತ. ಜಾಧವ ಇದ್ದದ್ದು ಜಾದವ್, ಯಾದವ್ ಆಗಿರುತ್ತದೆ. ಪವಾರ ಪೊವಾರ್ ಆಗುತ್ತದೆ, ಪಾಟೀಲ ಪಟೇಲ್ ಆಗುತ್ತದೆ. ಬಸಪ್ಪನ ಅಪ್ಪ ಬೇರೆ ಪದವಾಗಿ ಒಡೆದು ಅಡ್ಡಹೆಸರಿನ ಜಾಗಕ್ಕೆ ಹೋಗಿರುತ್ತದೆ. ಎಷ್ಟೋ ಸಲ ಅಡ್ಡಹೆಸರೇ ಇಲ್ಲ, ತನ್ನ ಹೆಸರು, ತಂದೆಯ ಹೆಸರು ಅಷ್ಟೇ. ರೆಜಿಮೆಂಟಿನ ಹೆಸರನ್ನೂ ಆಗ ಬೇರೆ ಥರ ಬರೆಯುತ್ತಿದ್ದರು: ಎಂ ಎ ಎಚ್ ಆರ್ ಎ ಟಿ ಟಿ ಎ. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನಂಬರಿನಿಂದಲೂ ಸಿಗದಿದ್ದರೆ ಈ ಹಳೆಯ ಕಾಗುಣಿತ, ಪದಕದ ಹೆಸರು, ಇಟಲಿ ಮೂರನ್ನೂ ಕೊಟ್ಟು ಬರುವ ಇಡೀ ಪಟ್ಟಿಯನ್ನು ಒಂದೊಂದಾಗಿ ಓದಿ. ಕೂತು ಓದಿದರೆ ಒಂದು ಸಂಜೆಯ ಕೆಲಸ.

ಸಿಗುವ ಹಾಳೆಯ ಹೆಸರು ಆರ್ಮಿ ಫಾರ್ಮ್ ಡಬ್ಲ್ಯೂ 3121. ಇದನ್ನು ಓದುವುದನ್ನು ಕಲಿಯಲೇಬೇಕು, ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇದರಲ್ಲೇ. ಮೇಲ್ಗಡೆ ಬಟಾಲಿಯನ್ನಿಗಿಂತ ದೊಡ್ಡ ಘಟಕಗಳಾದ ಬ್ರಿಗೇಡ್, ಡಿವಿಜನ್, ಕೋರ್. ಅದರ ಕೆಳಗೆ ಘಟಕ, ನಂಬರ್, ದರ್ಜೆ, ಹೆಸರು. ನಡುವಿನ ದೊಡ್ಡ ಕಾಲಮ್ಮಿನಲ್ಲಿ ಟೈಪ್ ಮಾಡಿದ ವಿವರ: ಯಾವ ದಿನ, ಯಾವ ಹೊಳೆ ಅಥವಾ ಗುಡ್ಡದ ಹತ್ತಿರ, ಎಷ್ಟು ಹೊತ್ತಿಗೆ, ಏನು ಮಾಡಿದರು. ಬಲಗಡೆ ಶಿಫಾರಸು ಮಾಡಿದ ಬಟಾಲಿಯನ್ ಕಮಾಂಡರನಿಂದ ಹಿಡಿದು ಬ್ರಿಗೇಡ್, ಡಿವಿಜನ್, ಕೋರ್, ಸೇನಾಪತಿಯವರೆಗೆ ಮೇಲಧಿಕಾರಿಗಳ ಸಹಿಗಳು. ಪ್ರಶಸ್ತಿಯ ಕಾಲಮ್ಮನ್ನು ಬಿಡದೆ ನೋಡಿ. ಅಲ್ಲಿ ಟೈಪ್ ಮಾಡಿದ ಪದಕದ ಹೆಸರಿನ ಮೇಲೆ ಗೀಟು ಹಾಕಿ ಕೈಬರಹದಲ್ಲಿ ಬೇರೆ ಹೆಸರು ಬರೆದದ್ದು ಕಾಣಬಹುದು. ಅಂದರೆ ಪಲ್ಟನ್ ಕೇಳಿದ್ದು ಒಂದು, ಮೇಲಿನವರು ಕೊಟ್ಟಿದ್ದು ಮತ್ತೊಂದು. ‘ದೊಡ್ಡ ಪದಕಕ್ಕೆ ಹೆಸರು ಹೋಗಿತ್ತಂತೆ, ಸಿಗಲಿಲ್ಲವಂತೆ’ ಎಂಬ ಮಾತು ಮನೆಯಲ್ಲಿದ್ದರೆ ಅದು ಖರೆಯೋ ಅಲ್ಲವೋ ಎಂದು ತಿಳಿಯುವ ಜಾಗ ಇದು. ಹಾಗೆಯೇ ‘ಇಮ್ಮಿಡಿಯೇಟ್’ ಎಂದಿದ್ದರೆ ಒಂದೇ ಕದನದ ಒಂದು ಕಾರ್ಯಕ್ಕಾಗಿ ಕೂಡಲೇ ಮಾಡಿದ ಶಿಫಾರಸು, ‘ಪೀರಿಯಾಡಿಕ್’ ಎಂದಿದ್ದರೆ ಹಲವು ತಿಂಗಳ ಸೇವೆಯನ್ನು ಒಟ್ಟಾಗಿ ಪರಿಗಣಿಸಿದ್ದು. ಪೀರಿಯಾಡಿಕ್ ಹಾಳೆಯಲ್ಲಿ ಒಂದು ತಾರೀಖು, ಒಂದು ಜಾಗ ಹುಡುಕಿದರೆ ಸಿಗದು. ಆ ಪದಕ ಕಡಿಮೆಯದ್ದೇನಲ್ಲ.

ಲಂಡನ್ ಗೆಜೆಟ್ ಉಚಿತವಾಗಿ ಆನ್‌ಲೈನ್‌ನಲ್ಲಿದೆ. ಮಿಲಿಟರಿ ಮೆಡಲ್ಲಿಗೆ ಅದರಲ್ಲಿ ಹೆಸರಿನ ಪಟ್ಟಿಯಷ್ಟೇ ಇರುತ್ತದೆ, ಶೌರ್ಯದ ವರ್ಣನೆ ಇರುವುದಿಲ್ಲ. ‘ಗೆಜೆಟ್ ನೋಡಿದೆ, ಏನೂ ಬರೆದಿಲ್ಲ, ಅಂದಮೇಲೆ ಏನೂ ಮಾಡಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡಿ. ಇನ್ನೊಂದು, ಗೆಜೆಟ್ಟಿನ ತಾರೀಖು ಕದನದ ತಾರೀಖಲ್ಲ. ಇದೇ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ ಟೈಬರ್ ಕಣಿವೆಯಲ್ಲಿ ಹುತಾತ್ಮರಾಗಿ ವಿಕ್ಟೋರಿಯಾ ಕ್ರಾಸ್ ಪಡೆದದ್ದು 1944ರ ಜುಲೈ 10ರ ಕದನಕ್ಕೆ, ಗೆಜೆಟ್ಟಿನಲ್ಲಿ ಬಂದದ್ದು ನವೆಂಬರಿನಲ್ಲಿ. ಸಿಪಾಯಿ ನಾಮದೇವ ಜಾಧವ ಸೆನಿಯೊ ನದಿಯ ದಂಡೆಯಲ್ಲಿ ಹೋರಾಡಿದ್ದು 1945ರ ಏಪ್ರಿಲ್ 9ರಂದು, ಪ್ರಕಟವಾದದ್ದು ಜೂನ್‌ನಲ್ಲಿ. ವಿಕ್ಟೋರಿಯಾ ಕ್ರಾಸಿಗೇ ಇಷ್ಟು ಕಾಲ ಹಿಡಿದ ಮೇಲೆ, ಗೆಜೆಟ್ ತಾರೀಖಿನಿಂದ ಹಲವು ತಿಂಗಳು ಹಿಂದಕ್ಕೆ ಹೋಗಿ ಕದನ ಹುಡುಕಬೇಕು.

ಈ ಇಬ್ಬರ ಹೆಸರು ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಘಾಡಗೆ 3/5ರವರು, ಜಾಧವ 1/5ರವರು. 5 ಅಂದರೆ ರೆಜಿಮೆಂಟ್, ಮೊದಲ ಅಂಕಿ ಬಟಾಲಿಯನ್. 1/5 ಇದ್ದದ್ದು 8ನೇ ಭಾರತೀಯ ಡಿವಿಜನ್ನಿನಲ್ಲಿ, 3/5 ಇದ್ದದ್ದು 10ನೇ ಡಿವಿಜನ್ನಿನಲ್ಲಿ. 2/5 ಬಹುಪಾಲು 1942ರ ಜೂನ್‌ನಲ್ಲಿ ಲಿಬಿಯಾದ ಟೋಬ್ರುಕ್ ಬಿದ್ದಾಗ ಸೆರೆಯಾಯಿತು, ಅಲ್ಲಿ ಸೆರೆಸಿಕ್ಕ ಹಲವರನ್ನು ಇಟಲಿಗೆ ಒಯ್ದರು. ಆದ್ದರಿಂದ ‘ಮುತ್ಯಾ ಇಟಲಿಯಲ್ಲಿದ್ದ’ ಎಂಬ ಮಾತಿಗೆ ಎರಡು ಅರ್ಥ ಇರಬಹುದು, ಹೋರಾಡುತ್ತಿದ್ದರು ಅಂತಲೂ ಆಗಬಹುದು, ಯುದ್ಧಕೈದಿಯಾಗಿದ್ದರು ಅಂತಲೂ ಆಗಬಹುದು. 4/5 ಹೋದದ್ದು ಬರ್ಮಾ ಕಡೆಗೆ, 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಹೋರಾಡಿತು. ಬಟಾಲಿಯನ್ ತಪ್ಪಿದರೆ ದೇಶವೇ ತಪ್ಪುತ್ತದೆ.

ಬಟಾಲಿಯನ್ನಿನ ದಿನಚರಿಗಳು, ಅಂದರೆ ವಾರ್ ಡೈರಿಗಳು, ಅದೇ ದಾಖಲಾಗಾರದಲ್ಲಿವೆ: ಇಟಲಿಯವು ಡಬ್ಲ್ಯೂಒ 170, ಮಧ್ಯಪ್ರಾಚ್ಯದವು 169, ಬರ್ಮಾದವು 172. ಸಿಪಾಯಿಗಳ ಹೆಸರು ಅವುಗಳಲ್ಲಿ ಅಪರೂಪ. ಆದರೆ ಶಿಫಾರಸು ಹಾಳೆಯ ತಾರೀಖು ಸಿಕ್ಕ ಮೇಲೆ ಆ ದಿನದ ಡೈರಿ ಓದಿದರೆ, ಯಾವ ಕಂಪನಿ ಯಾವ ದಂಡೆಯಿಂದ ದಾಟಿತು, ಎಷ್ಟು ಜನ ಬಿದ್ದರು ಎಲ್ಲ ಗೊತ್ತಾಗುತ್ತದೆ. ಆ ದಿನ ಜತೆಗೆ ಸತ್ತವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ತಂದೆಯ ಹೆಸರು, ಊರು ಕೂಡ ಎಷ್ಟೋ ಕಡೆ ಬರೆದಿರುತ್ತಾರೆ.

ಊರಿನ ವಿಚಾರದಲ್ಲೂ ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದಿನ ಕಾಗದದಲ್ಲಿ ಅದನ್ನು ಹುಡುಕಬೇಡಿ. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಬಿಜಾಪುರ ಜಿಲ್ಲೆಯಲ್ಲಿದ್ದವು, ಜಮಖಂಡಿ ಮತ್ತು ಮುಧೋಳ 1948ರವರೆಗೆ ಸಂಸ್ಥಾನಗಳು. ನಿಮ್ಮ ಮುತ್ಯಾನ ಕಾಗದದಲ್ಲಿ ‘ಜಮಖಂಡಿ ಸ್ಟೇಟ್’ ಎಂದೇ ಇರಬಹುದು. ಬೆಳಗಾವಿಯ ಶಹಾಪುರ ಕೂಡ ಸಾಂಗ್ಲಿ ಸಂಸ್ಥಾನದ್ದಾಗಿತ್ತು.

ಇಲ್ಲಿನ ದಾಖಲೆಗೆ ಬೆಳಗಾವಿಯ ಮರಾಠಾ ಸೆಂಟರಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಒಂದೇ ಪುಟದ ಪತ್ರ ಸಾಕು, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ. ನಂಬರನ್ನು ಮೊದಲ ಸಾಲಿನಲ್ಲೇ ಹಾಕಿ, ಆಮೇಲೆ ದರ್ಜೆ, ಹೆಸರಿನ ಮೂರ್ನಾಲ್ಕು ಕಾಗುಣಿತಗಳು, ತಂದೆಯ ಹೆಸರು, ಊರು, ಸೇರಿದ ಮತ್ತು ಬಿಟ್ಟ ವರ್ಷ. ಅಂಚಿನ ಫೋಟೋ, ವಂಶವೃಕ್ಷ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ‘ಮುತ್ಯಾನ ಎಲ್ಲ ಮಾಹಿತಿ ಕೊಡಿ’ ಎಂದು ಕೇಳಿದರೆ ಪತ್ರ ಮೂಲೆಗೆ ಬೀಳುತ್ತದೆ. ‘ಈ ನಂಬರಿನ ಲಾಂಗ್ ರೋಲ್ ನಮೂದು ಬೇಕು’ ಎಂದು ಕೇಳಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಿಯಮದಂತೆ ನಾಶ ಮಾಡುತ್ತಾರೆ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನ ಒಂದು ಸಾಲು ಮಾತ್ರ ಆಮೇಲೂ ಉಳಿಯುವಂಥದ್ದು. ಪತ್ರಕ್ಕೆ ಉತ್ತರ ಬಾರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜತೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಮೊಮ್ಮಗ ಎಂಬ ದಾಖಲೆ ಇಲ್ಲದಿದ್ದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ, ಅದಕ್ಕೇ ವಂಶವೃಕ್ಷ.

ಮನೆಯಲ್ಲೂ ಹುಡುಕಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪುಸ್ತಕದಲ್ಲಿ ಪದಕದ ಭತ್ಯೆ ಬೇರೆ ಸಾಲಿನಲ್ಲಿದೆಯೇ, ಹಳೆಯ ಉತಾರದಲ್ಲಿ ಸೈನಿಕನೆಂದು ಕೊಟ್ಟ ಹೊಲದ ನಮೂದಿದೆಯೇ ನೋಡಿ. ಅರ್ಥವಾಗದ ವಕ್ರ ಲಿಪಿಯ ಕಾಗದ ಸಿಕ್ಕರೆ ಎಸೆಯಬೇಡಿ, ಅದು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಇರಬಹುದು. ಓದಬಲ್ಲವರು ಬೆಳಗಾವಿ, ಕೊಲ್ಹಾಪುರದ ಕಡೆ ಇನ್ನೂ ಇದ್ದಾರೆ.

ನಿಮ್ಮಂತೆಯೇ ಹುಡುಕುತ್ತಿರುವ ಬೇರೆಯವರಿಗಾಗಿ ಎರಡು ಮಾತು. ಮೊದಲ ಮಹಾಯುದ್ಧದ ಶಿಫಾರಸು ಹಾಳೆಗಳು ಬಹುಪಾಲು 1940ರ ಲಂಡನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಅಲ್ಲಿ ಗೆಜೆಟ್ ಮತ್ತು ಡಬ್ಲ್ಯೂಒ 95ರ ವಾರ್ ಡೈರಿಗಳೇ ಗತಿ. ಸ್ವಾತಂತ್ರ್ಯಾನಂತರದ ಪರಮವೀರ, ಮಹಾವೀರ, ವೀರ ಚಕ್ರಗಳು ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಅವುಗಳ ಪ್ರಶಸ್ತಿ ವಾಚನಕ್ಕೆ ಭಾರತದ ರಾಜಪತ್ರ ಮತ್ತು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ತಾಣ ನೋಡಿದರೆ ಸಾಕು.

ಕೊನೆಯದಾಗಿ, ‘ಅಸಲಿಯೋ ನಕಲಿಯೋ ನೋಡಿ ಕೊಡುತ್ತೇವೆ’ ಎನ್ನುವವರ ಕೈಗೆ ಮೂಲ ಪದಕ ಕೊಡಬೇಡಿ. ನೀವೇ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಹಳೆಯ ಹೆಸರನ್ನು ಅರೆದು ಹೊಸದು ಕೊರೆದ ಪದಕದ ಅಡ್ಡಳತೆ 36 ಮಿಲಿಮೀಟರಿಗಿಂತ ಕಡಿಮೆಯಾಗಿರುತ್ತದೆ, ಬೇರೆ ಬೇರೆ ಕಡೆ ಅಳೆದರೆ ಅಳತೆಯೂ ಒಂದೇ ಬರುವುದಿಲ್ಲ. ಅಂಚಿನ ಫೋಟೋದಲ್ಲಿ ನಂಬರ್ ಓದಲು ಆಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಯಾವ ಅಂಕಿ ಇರಬಹುದೆಂದು ಸೇರಿ ನೋಡೋಣ.