ಅಡೇನಿಯಂ ಕೋಡು ಒಡೆಯುವ ಮುನ್ನ

ಮರುಭೂಮಿ ಗುಲಾಬಿ ಎಂದೂ ಕರೆಸಿಕೊಳ್ಳುವ ಅಡೇನಿಯಂ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಗಿಡದಲ್ಲೇ ಆದ ಬೀಜದ ಕುರಿತು. ಒಂದೇ ಥರದವನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾಲ್ಕು ವರ್ಷದ ಗಿಡದಲ್ಲಿ ಮೊದಲ ಸಲ ಕೊಂಬಿನಂಥ ಜೋಡಿ ಕಾಯಿ ಬಿಟ್ಟಿದೆ. ತಿಂಗಳು ಕಳೆದರೂ ಹಸಿರಾಗಿಯೇ ಇದೆ. ಈಗಲೇ ಕಿತ್ತು ಒಣಗಿಸಿದರೆ ಬೀಜ ಸಿಗುತ್ತದೆಯೇ?

ಕೀಳಬೇಡಿ. ಬಲಿಯದ ಕೋಡನ್ನು ಕಿತ್ತರೆ ಒಳಗಿನ ಬೀಜ ಸುರುಟಿಕೊಳ್ಳುತ್ತದೆಯೇ ಹೊರತು ಮುಂದೆ ಬಲಿಯುವುದಿಲ್ಲ. ಕಾಯಿ ಕಟ್ಟಿದಂದಿನಿಂದ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ದಿನ ಎಣಿಸುವುದಕ್ಕಿಂತ ಕೋಡಿನ ಮೈ ನೋಡುವುದು ವಾಸಿ. ಹೊಳಪು ಹೋಗಿ ಮಂಕಾಗುತ್ತದೆ, ಹಸಿರು ಕಂದುಬೂದಿಗೆ ತಿರುಗುತ್ತದೆ, ಉದ್ದಕ್ಕೂ ಒಂದು ಗೆರೆ ಎದ್ದು ಕಾಣುತ್ತದೆ. ಆ ಗೆರೆಯಲ್ಲೇ ಕೋಡು ಸೀಳುವುದು. ಸೀಳು ಶುರುವಾದ ದಿನ ಕತ್ತರಿಸಿಕೊಳ್ಳಿ.

ತೊಂದರೆ ಏನೆಂದರೆ, ಆ ದಿನ ನೀವು ಮನೆಯಲ್ಲಿ ಇರುವುದಿಲ್ಲ! ನನಗೆ ಹಾಗೇ ಆಗಿತ್ತು. ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಕೋಡು ಬಾಯಿ ಬಿಟ್ಟು ಖಾಲಿ ದೋಣಿಯಂತೆ ನೇತಾಡುತ್ತಿತ್ತು. ಕೆಲವು ವಾರಗಳ ನಂತರ ಪಕ್ಕದ ದಾಸವಾಳದ ಕುಂಡದಲ್ಲಿ, ಯಾರೂ ಬಿತ್ತದ ಎರಡು ಅಡೇನಿಯಂ ಸಸಿಗಳು ದಪ್ಪ ಕಾಲೂರಿ ನಿಂತಿದ್ದವು. ಎಕ್ಕದ ಬೀಜ ಗಾಳಿಯಲ್ಲಿ ತೇಲುವುದನ್ನು ನೋಡಿರುತ್ತೀರಿ. ಅದಕ್ಕೆ ರೇಷ್ಮೆಕೂದಲಿನ ಕುಚ್ಚು ಒಂದೇ ತುದಿಯಲ್ಲಿ. ಅದೇ ಕುಟುಂಬದ ಅಡೇನಿಯಂ ಬೀಜಕ್ಕೆ ಎರಡೂ ತುದಿಯಲ್ಲಿ ಕುಚ್ಚು. ನಡುವೆ ಬೆಂಕಿಕಡ್ಡಿಯ ತುಂಡಿನಂಥ ಬೀಜ, ಅತ್ತಿತ್ತ ಎರಡು ಚಕ್ರ. ಗಾಳಿಗೆ ಹಾರುತ್ತದೆ, ನೆಲಕ್ಕೆ ಬಿದ್ದ ಮೇಲೂ ಉರುಳುತ್ತದೆ.

ಅದಕ್ಕೇ ಕೋಡು ಬಲಿಯುವ ಮೊದಲೇ ಅದಕ್ಕೊಂದು ಚೀಲ ತೊಡಿಸಿ. ಸೊಳ್ಳೆಪರದೆಯ ತುಂಡು, ತೆಳು ಬಟ್ಟೆ, ಹಳೆಯ ಕಾಲುಚೀಲ, ಯಾವುದಾದರೂ ಸರಿ. ಪ್ಲಾಸ್ಟಿಕ್ ಮಾತ್ರ ಬೇಡ, ಒಳಗೆ ಬೆವರಿ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ. ಚೀಲ ಇಲ್ಲವಾದರೆ ಕೋಡಿನ ಮೂರು ಕಡೆ ದಾರ ಸುತ್ತಿದರೂ ಪೂರ್ತಿ ಬಾಯಿ ತೆರೆಯುವುದಿಲ್ಲ. ಆಗಾಗ ಚೀಲ ಬಿಚ್ಚಿ ನೋಡುತ್ತಿರಿ, ಹಳದಿ ಸಸ್ಯಹೇನುಗಳಿಗೆ ಎಳೆಗೋಡು ಬಲು ಇಷ್ಟ.

ಬೀಜ ಕೈಗೆ ಬಂದ ಮೇಲೆ ಎರಡು ದಿನ ನೆರಳಲ್ಲಿ ಹರಡಿ. ಆಮೇಲೆ ಬೆರಳುಗಳ ನಡುವೆ ಮೆಲ್ಲಗೆ ಹೊಸಕಿ ಕುಚ್ಚು ತೆಗೆಯಿರಿ. ಫ್ಯಾನ್ ಆರಿಸಿ ಕೂತರೆ ಒಳ್ಳೆಯದು. ಜೊಳ್ಳು ಯಾವುದು, ಗಟ್ಟಿ ಯಾವುದು ಎಂದು ನೀರಿನಲ್ಲಿ ತೇಲಿಸಿ ನೋಡುವವರಿದ್ದಾರೆ. ನನಗೆ ಆ ಪರೀಕ್ಷೆಯಲ್ಲಿ ನಂಬಿಕೆಯಿಲ್ಲ. ಬೀಜದ ಮೈಗಂಟಿದ ಕೂದಲಲ್ಲಿ ಗಾಳಿ ಸಿಕ್ಕಿಕೊಂಡು ಒಳ್ಳೆಯ ಬೀಜವೂ ತೇಲುತ್ತದೆ. ಉಗುರಿನಿಂದ ಹಗುರಾಗಿ ಒತ್ತಿ ನೋಡಿ. ತುಂಬಿದ್ದು ಎದುರೊತ್ತುತ್ತದೆ, ಜೊಳ್ಳು ಕಾಗದದಂತೆ ಚಪ್ಪಟೆಯಾಗುತ್ತದೆ.

ಪ್ರಶ್ನೆ: ನಲವತ್ತು ಬೀಜ ಹಾಕಿದ್ದೆ, ಮೂವತ್ತೆರಡು ಹುಟ್ಟಿದವು. ಖುಷಿಯಿಂದ ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಹತ್ತನೆಯ ದಿನದಿಂದ ಒಂದೊಂದಾಗಿ ಮಲಗುತ್ತಿವೆ. ಈಗ ಒಂಬತ್ತು ಉಳಿದಿವೆ. ಎಲ್ಲಿ ತಪ್ಪಿದೆ?

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ದಿನಕ್ಕೆರಡು ಸಲದ ಆ ನೀರೇ ಕಾರಣ.

ಅಡೇನಿಯಂ ಬೀಜ ಹುಟ್ಟಿಸುವುದು ಕಷ್ಟವಲ್ಲ. ತಾಜಾ ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ ಮೂರು ನಾಲ್ಕು ಗಂಟೆ ನೆನೆಸಿ ಅಡ್ಡಡ್ಡ ಮಲಗಿಸಿ, ಮೇಲೆ ನಾಲ್ಕೈದು ಮಿಲಿಮೀಟರ್ ಮಿಶ್ರಣ ಉದುರಿಸಿದರೆ, 27ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರರಿಂದ ಏಳು ದಿನಕ್ಕೆ ತಲೆಯೆತ್ತುತ್ತದೆ. ಕಷ್ಟ ಇರುವುದು ಆಮೇಲಿನ ಮೂರು ವಾರದಲ್ಲಿ. ನಿಮ್ಮ ಸಸಿಗಳಿಗೆ ಬಂದಿರುವುದು ಸಸಿ ಕೊಳೆ ರೋಗ. ಮಣ್ಣಿನಲ್ಲಿರುವ ಪಿಥಿಯಂ, ರೈಜೊಕ್ಟೋನಿಯಾದಂಥ ಶಿಲೀಂಧ್ರಗಳು ಮತ್ತು ಶಿಲೀಂಧ್ರದಂಥ ಜೀವಿಗಳು ತೇವ ಆರದ ಕಡೆ, ಗಾಳಿಯಾಡದ ಕಡೆ ಸಸಿಯ ಕುತ್ತಿಗೆಗೇ ಬಾಯಿ ಹಾಕುತ್ತವೆ.

ಬಿದ್ದ ಸಸಿಯನ್ನು ಎತ್ತಿ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ನೀರು ತುಂಬಿದಂತೆ ಪಾರಕವಾಗಿ, ಹಿಸುಕಿದರೆ ದಾರದಂತೆ ಜಾರಿದರೆ ಅದು ಮುಗಿದ ಕತೆ. ಸುತ್ತಲಿನ ಒಂದು ಚಮಚ ಮಣ್ಣಿನ ಸಮೇತ ತೆಗೆದು ಎಸೆಯಿರಿ. ಬುಡ ಗಟ್ಟಿಯಿದ್ದು ಸಸಿ ಸುಮ್ಮನೆ ಓರೆಯಾಗಿದ್ದರೆ ಅದು ಬೆಳಕಿಗಾಗಿ ಕತ್ತು ಚಾಚಿದ್ದು. ಬುಡಕ್ಕೆ ಸ್ವಲ್ಪ ಒಣ ಮರಳು ಆನಿಸಿ ನಿಲ್ಲಿಸಿ, ಬದುಕುತ್ತದೆ.

ಉಳಿದ ಒಂಬತ್ತಕ್ಕೆ ಇವತ್ತೇ ಮಾಡಬೇಕಾದದ್ದು: ಮುಚ್ಚಳವೋ ಪ್ಲಾಸ್ಟಿಕ್ ಹಾಳೆಯೋ ಇದ್ದರೆ ತೆಗೆಯಿರಿ. ಗಾಳಿಯಾಡುವ, ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಮೇಲಿನ ಒಂದು ಸೆಂಟಿಮೀಟರ್ ಒಣಗಿ ಬಣ್ಣ ತಿಳಿಯಾಗುವವರೆಗೆ ನೀರು ಬೇಡ. ಆಮೇಲೂ ಮೇಲಿನಿಂದ ಚಿಮುಕಿಸದೆ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಕೂರಿಸಿ ಎತ್ತಿಡಿ, ಅದೂ ಬೆಳಗಿನ ಹೊತ್ತು. ರೋಗ ಹರಡುತ್ತಲೇ ಇದ್ದರೆ ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕಲಸಿ ಒಮ್ಮೆ ಹಾಕಬಹುದು. ನೀರಿನ ಅಭ್ಯಾಸ ಬದಲಾಗದೆ ಔಷಧಿ ಹಾಕುವುದು ತೂತು ಕೊಡಕ್ಕೆ ಬಣ್ಣ ಬಳಿದಂತೆ.

ಮುಂದಿನ ಸಲಕ್ಕೆ ಮಿಶ್ರಣ ಬದಲಿಸಿ. ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಹರಳು. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಿ. ತೋಟದ ಮಣ್ಣು, ಸಗಣಿ ಗೊಬ್ಬರ ಈ ಹಂತದಲ್ಲಿ ಬೇಡವೇ ಬೇಡ. ಬೀಜದಿಂದ ಬೀಜಕ್ಕೆ ಎರಡು ಮೂರು ಸೆಂಟಿಮೀಟರ್ ಅಂತರವಿರಲಿ.

ಇನ್ನೊಂದು. ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತುಕೊಂಡೇ ಹೊರಬರುತ್ತವೆ. ಎಳೆದು ತೆಗೆಯುವ ಆಸೆಯಾಗುತ್ತದೆ. ಎಳೆದರೆ ತಲೆಯೂ ಬರುತ್ತದೆ. ಆ ಟೋಪಿಗೆ ಮಾತ್ರ ಒಂದು ಹನಿ ನೀರು ಮುಟ್ಟಿಸಿ ಬಿಡಿ. ನೆಂದು ತಾನೇ ಕಳಚುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಡಬ್ಬಿಯಲ್ಲಿ ಹಾಕಿಟ್ಟ ಬೀಜ ಈಗ ಬಿತ್ತಬಹುದೇ?

ಬಿತ್ತಿ, ಆಸೆ ಇಟ್ಟುಕೊಳ್ಳಬೇಡಿ. ಈ ಬೀಜಕ್ಕೆ ಆಯಸ್ಸು ಕಡಿಮೆ. ಬಿಡಿಸಿದ ಕೆಲವೇ ವಾರಗಳಲ್ಲಿ ಬಿತ್ತಿದರೆ ಹೆಚ್ಚಿನವು ಹುಟ್ಟುತ್ತವೆ, ತಿಂಗಳು ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಇಡಲೇಬೇಕೆಂದರೆ ಚೆನ್ನಾಗಿ ಒಣಗಿಸಿ ಕಾಗದದಲ್ಲಿ ಸುತ್ತಿ, ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಫ್ರೀಜರ್‌ನಲ್ಲಲ್ಲ. ಬಿತ್ತಿ ಮೂರು ವಾರವಾದರೂ ಏಳದಿದ್ದರೆ ಟ್ರೇ ಖಾಲಿ ಮಾಡಿ.

ಪ್ರಶ್ನೆ: ಮೂರು ಸುತ್ತಿನ ಕಡುಗೆಂಪು ಹೂವಿನ ಗಿಡದಿಂದ ಬೀಜ ತೆಗೆದು ಒಂದೂವರೆ ವರ್ಷ ಸಾಕಿದೆ. ಮೊನ್ನೆ ಹೂ ಬಿಟ್ಟಿತು, ಒಂಟಿ ಸುತ್ತು, ತಿಳಿ ಗುಲಾಬಿ. ಬೀಜ ಬದಲಾಗಿರಬಹುದೇ?

ಬೀಜ ಬದಲಾಗಿಲ್ಲ. ಅಪ್ಪ ಯಾರೆಂದು ನಿಮಗೆ ಗೊತ್ತಿಲ್ಲ, ಅಷ್ಟೇ. ಅಡೇನಿಯಂ ಸಾಮಾನ್ಯವಾಗಿ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ನಿಮ್ಮ ಗಿಡ ಕಾಯಿ ಬಿಟ್ಟಿದೆ ಎಂದರೆ ಯಾವುದೋ ಕೀಟ ಬೇರೊಂದು ಗಿಡದ ಪರಾಗ ಹೊತ್ತು ತಂದಿದೆ. ಇನ್ನು ಅಮ್ಮನ ಕತೆ. ಹೆಸರಿಟ್ಟು ಮಾರುವ ಬಣ್ಣಬಣ್ಣದ ತಳಿಗಳಲ್ಲಿ ಹೆಚ್ಚಿನವು ಕಸಿ ಗಿಡಗಳು, ಅವೇ ಹಲವು ಬೆರಕೆಗಳ ಕೂಸು. ಅವುಗಳ ಬೀಜದಿಂದ ಬರುವ ಮಕ್ಕಳು ಒಂದೊಂದೂ ಒಂದೊಂದು ಥರ. ಒಂದೇ ಕೋಡಿನ ಹತ್ತು ಸಸಿಯಲ್ಲಿ ಹತ್ತು ಬಗೆ ಕಂಡರೂ ಅಚ್ಚರಿಯಿಲ್ಲ, ಅದರಲ್ಲಿ ಅಮ್ಮನನ್ನು ಮೀರಿಸುವ ಒಂದು ಹೂವೂ ಇರಬಹುದು.

ನನ್ನನ್ನು ಕೇಳಿದರೆ, ಬೀಜದಿಂದ ಬೆಳೆಸುವುದು ಬೊಡ್ಡೆಗಾಗಿ. ಬೀಜದ ಸಸಿಗೆ ಹುಟ್ಟಿನಿಂದಲೇ ಬುಡ ಊದಿರುತ್ತದೆ. ಟೊಂಗೆ ನೆಟ್ಟರೆ ಬೇರು ಬಿಡುತ್ತದೆ, ಆದರೆ ಆ ಆನೆಗಾಲಿನ ಚೆಂದ ಬರುವುದಿಲ್ಲ. ಹೂವಿನ ಬಣ್ಣ ಅಮ್ಮನದೇ ಬೇಕೆಂದರೆ ಅಮ್ಮನ ಟೊಂಗೆಯನ್ನು ಇದೇ ಸಸಿಗೆ ಕಸಿ ಮಾಡಿ. ಒಂದೂವರೆ ವರ್ಷದ ಗಟ್ಟಿ ಬುಡದ ಗಿಡ ನಿಮ್ಮ ಕೈಯಲ್ಲಿದೆ, ಕಸಿಗೆ ಇದಕ್ಕಿಂತ ಒಳ್ಳೆಯ ಬೇರುಗಿಡ ಸಿಗಲಾರದು. ತಿಳಿ ಗುಲಾಬಿಯನ್ನು ಒಂದು ಕೊಂಬೆಯಲ್ಲಿ ಉಳಿಸಿಕೊಂಡರೂ ಚೆನ್ನವೇ.

ಪ್ರಶ್ನೆ: ಹೂ ರಾಶಿ ಬಿಡುತ್ತದೆ, ಕಾಯಿ ಒಂದೂ ಕಟ್ಟುವುದಿಲ್ಲ. ಬ್ರಷ್‌ನಿಂದ ಹೂವಿನ ಒಳಗೆ ಸವರಿದರೂ ಪ್ರಯೋಜನವಾಗಿಲ್ಲ.

ಮೇಲಿನಿಂದ ಸವರಿದರೆ ಆಗುವುದಿಲ್ಲ, ಈ ಹೂವಿನ ರಚನೆಯೇ ಹಾಗೆ. ಗಂಟಲಿನಿಂದ ಐದು ಎಳೆಗಳು ಹೊರಚಾಚಿರುತ್ತವಲ್ಲ, ಅವು ಕೇಸರಗಳ ಬಾಲ. ಆ ಐದು ಕೇಸರ ಒಂದಕ್ಕೊಂದು ಅಂಟಿ, ಹೂವಿನ ಕೊಳವೆಯೊಳಗೆ ಗುಡಾರದಂತೆ ಮುಚ್ಚಿಕೊಂಡಿವೆ. ಪರಾಗ ಗುಡಾರದ ಒಳಗಡೆ, ಮೇಲ್ಭಾಗದಲ್ಲಿ. ಪರಾಗ ಹಿಡಿಯುವ ಜಾಗ ಅದಕ್ಕೂ ಕೆಳಗೆ, ಹೂವಿನ ಹೆಣ್ಣುಭಾಗವಾದ ಶಲಾಕೆಯ ತಲೆಯ ಅಡಿಭಾಗದಲ್ಲಿ. ಉದ್ದ ನಾಲಗೆಯ ಕೀಟಕ್ಕೆ ಮಾತ್ರ ಆ ಸಂದಿ ಗೊತ್ತು.

ನೀವು ಮಾಡಬೇಕಾದದ್ದು ಹೀಗೆ. ಅರಳಿ ಒಂದೆರಡು ದಿನವಾದ ಹೂವಿನ ಕೊಳವೆಯ ಒಂದು ಪಕ್ಕವನ್ನು ಬುಡದವರೆಗೆ ಸೀಳಿ, ಗುಡಾರ ಕಾಣುವಂತೆ ಮಾಡಿ. ಇನ್ನೊಂದು ಗಿಡದ ಹೂವನ್ನು ಪೂರ್ತಿ ಬಿಚ್ಚಿ, ಕೇಸರ ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ತೀರಾ ಸಣ್ಣ ಬ್ರಷ್ ತುದಿಗೆ ಹತ್ತಿಸಿಕೊಳ್ಳಿ. ಮೊದಲ ಹೂವಿನಲ್ಲಿ ಎರಡು ಕೇಸರಗಳ ನಡುವಿನ ಸಂದಿಯ ಕೆಳತುದಿಯಿಂದ ಬ್ರಷ್ ತೂರಿಸಿ ಮೇಲ್ಮುಖವಾಗಿ ಒತ್ತಿ. ಇನ್ನೊಂದು ಗಿಡ ಎಂದರೆ ನಿಜವಾಗಿಯೂ ಬೇರೆಯದಾಗಿರಬೇಕು. ನಿಮ್ಮದೇ ಗಿಡದ ಟೊಂಗೆಯಿಂದ ಮಾಡಿಕೊಂಡದ್ದು ಲೆಕ್ಕಕ್ಕಿಲ್ಲ. ಹತ್ತು ಹೂವಿಗೆ ಮಾಡಿ ಒಂದೋ ಎರಡೋ ಕಟ್ಟಿದರೂ ಸಾಕು, ಒಂದು ಜೋಡಿ ಕೋಡಿನಲ್ಲಿ ಹತ್ತಾರು ಬೀಜ ಇರುತ್ತವೆ.

ಪ್ರಶ್ನೆ: ಏಳು ತಿಂಗಳ ಸಸಿಗಳು ಉದ್ದಕ್ಕೆ ಕೋಲಿನಂತೆ ಬೆಳೆದಿವೆ, ಬೊಡ್ಡೆ ದಪ್ಪವಾಗುತ್ತಿಲ್ಲ. ತುದಿ ಚಿವುಟಲೇ?

ಚಿವುಟುವ ಮುನ್ನ ಬಿಸಿಲು ಲೆಕ್ಕ ಹಾಕಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಸಸಿ ಕೋಲಾಗುವುದು ಸಹಜ. ಒಮ್ಮೆಲೇ ಉರಿಬಿಸಿಲಿಗೆ ತಳ್ಳದೆ ವಾರ ಹತ್ತು ದಿನದಲ್ಲಿ ಒಗ್ಗಿಸಿ. ಸಾರಜನಕ ಹೆಚ್ಚಿರುವ ಗೊಬ್ಬರ ಹಾಕುತ್ತಿದ್ದರೆ ಕಡಿಮೆ ಮಾಡಿ. ಬೊಡ್ಡೆಗೆ ಸೇರುವ ಆಹಾರ ತಯಾರಾಗುವುದು ಎಲೆಯಲ್ಲೇ ಆದ್ದರಿಂದ ಮೊದಲ ವರ್ಷ ತುದಿ ಕತ್ತರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಇನ್ನೊಂದು ತಪ್ಪು ಸಾಮಾನ್ಯ. ಬೊಡ್ಡೆ ಕಾಣಲಿ ಎಂದು ಮೊದಲ ಸಲವೇ ಅರ್ಧ ಬೇರನ್ನು ಮಣ್ಣಿನಿಂದ ಮೇಲೆತ್ತಿ ನೆಡುತ್ತಾರೆ. ಮಣ್ಣಿನೊಳಗಿರುವ ಬೇರು ಬೇಗ ದಪ್ಪವಾಗುತ್ತದೆ, ಹೊರಬಂದದ್ದು ನಿಧಾನ. ಪ್ರತಿ ಸಲ ಕುಂಡ ಬದಲಿಸುವಾಗ ಎರಡು ಸೆಂಟಿಮೀಟರ್‌ನಷ್ಟು ಮಾತ್ರ ಮೇಲೆತ್ತಿ. ಬದಲಿಸುವಾಗ ಬೇರಿಗೆ ಗಾಯವಾದರೆ ಮೂರು ನಾಲ್ಕು ದಿನ ನೆರಳಲ್ಲಿ ಒಣಗಿಸಿ, ನೆಟ್ಟ ಮೇಲೂ ಸುಮಾರು ಒಂದು ವಾರ ನೀರು ಕೊಡಬೇಡಿ.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗುವಿದೆ. ಈ ಗಿಡ ವಿಷ ಎನ್ನುತ್ತಾರೆ, ನಿಜವೇ?

ನಿಜ. ಈ ಗಿಡವನ್ನು ಅರೇಬಿಯಾದಲ್ಲಿ ಕಂಡು ದಾಖಲಿಸಿದ ಸಸ್ಯವಿಜ್ಞಾನಿ ಪೀಟರ್ ಫೋರ್ಸ್ಕೋಲ್ ಅದಕ್ಕಿಟ್ಟ ಹೆಸರು ನೇರಿಯಂ ಒಬೇಸಮ್, ಅಂದರೆ ಬೊಜ್ಜಿನ ಕಣಗಿಲೆ. ಅವರು ತೀರಿಕೊಂಡ ಮೇಲೆ 1775ರಲ್ಲಿ ಅದು ಅಚ್ಚಾಯಿತು, ಅಡೇನಿಯಂ ಎಂಬ ಈಗಿನ ಹೆಸರು ಆಮೇಲಿನದು. ಕಣಗಿಲೆಯಂತೆ ಇದರ ರಸದಲ್ಲೂ ಹೃದಯದ ಬಡಿತವನ್ನೇ ಏರುಪೇರು ಮಾಡುವ ಗ್ಲೈಕೊಸೈಡ್‌ಗಳಿವೆ. ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದ ವಿಷಗಳಲ್ಲಿ ಇದೂ ಒಂದು. ಎಲೆ, ಟೊಂಗೆ, ಬೇರು, ಬೀಜ ಯಾವುದೂ ಬಾಯಿಗೆ ಹೋಗಬಾರದು. ಕುಂಡ ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ, ಒಣಗಲು ಹರಡಿದ ಬೀಜವೂ ಅಷ್ಟೇ. ಕತ್ತರಿಸುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಿಕೊಳ್ಳಬೇಡಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಗು ಅಗಿದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ, ಗಿಡದ ತುಂಡನ್ನೂ ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೀಜದಿಂದ ಬೆಳೆಸಿದ ಒಂದು ವರ್ಷದ ಗಿಡಗಳು ಚಳಿ ಬಂದ ಮೇಲೆ ಎಲೆಯೆಲ್ಲ ಉದುರಿಸಿ ಬೋಳಾಗಿವೆ. ಸತ್ತವೇ?

ಬೊಡ್ಡೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಿದ್ದರೆ ನಿದ್ದೆ ಮಾಡುತ್ತಿವೆ, ಎಬ್ಬಿಸಲು ನೀರು ಹಾಕಬೇಡಿ. ತುಸು ಸುಕ್ಕಾಗಿದ್ದು ಮೆತ್ತಗೆ ಬಗ್ಗಿದರೆ ಬಾಯಾರಿಕೆ, ಬೆಚ್ಚಗಿನ ದಿನ ನೋಡಿ ಸ್ವಲ್ಪ ನೀರು ಕೊಡಿ. ಒತ್ತಿದಲ್ಲಿ ಬೆರಳು ಒಳಗೆ ಹೋಗಿ ನೀರೊಸರಿದರೆ ಕೊಳೆತ. ಆ ಗಿಡವನ್ನು ಕಿತ್ತು, ಬೇರು ತೊಳೆದು, ಕಂದು ಭಾಗವನ್ನೆಲ್ಲ ಶುದ್ಧ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕೆತ್ತಿ, ಗಾಯ ಒಣಗುವವರೆಗೆ ಒಂದೆರಡು ವಾರ ತೂಗುಹಾಕಿ. ಆಮೇಲೆ ಒಣ ಮಿಶ್ರಣದಲ್ಲಿ ನೆಡಿ. ಮೊದಲ ನೀರು ಹೊಸ ಚಿಗುರಿನ ತುದಿ ಕಂಡ ಮೇಲೆ.