ಅರ್ಧಕ್ಕೆ ನಿಂತ ಚಿತ್ರಕ್ಕೆ ಯಾರನ್ನು ಕೇಳುವುದು?

ಪ್ರಶ್ನೆ: ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆಯುವ ಒಂಬತ್ತು ವರ್ಷದ ಹುಡುಗಿಯನ್ನು ಕುರಿತು 22 ನಿಮಿಷಗಳ ಕಿರುಚಿತ್ರವೊಂದನ್ನು ಚಿತ್ರೀಕರಿಸಿದ್ದೇನೆ. ಅವಳ ತಂದೆತಾಯಿ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್ ಕೇಳುತ್ತ ಬೆಳೆದ ಅವಳಿಗೆ, 'ನಿನ್ನ ಊರು ಯಾವುದು?' ಎಂದು ಮೇಷ್ಟ್ರು ಕೇಳಿದಾಗ ಉತ್ತರ ತೋಚುವುದಿಲ್ಲ. ಕಥೆ ಇಷ್ಟೇ. ಉಳಿತಾಯದ 3,80,000 ರೂಪಾಯಿ ಚಿತ್ರೀಕರಣಕ್ಕೇ ಮುಗಿಯಿತು. ಒರಟು ಸಂಕಲನ ಆಗಿದೆ. ಧ್ವನಿ, ಬಣ್ಣ, ಸಂಗೀತ ಬಾಕಿ ಇವೆ. ಇನ್ನೂ ನಾಲ್ಕು ಲಕ್ಷ ಬೇಕೆಂದು ಅಂದಾಜು. ಅಂತರ್ಜಾಲದಲ್ಲಿ ದೇಣಿಗೆಯ ಪುಟ ತೆರೆದು ಎರಡು ತಿಂಗಳಾದರೂ ಬಂದದ್ದು 23,000 ರೂಪಾಯಿ, ಅದರಲ್ಲಿ ಹೆಚ್ಚಿನ ಪಾಲು ನನ್ನ ಅತ್ತೆ ಮಾವನದು. ಹುಡುಗಿ ಅಳುವ ದೃಶ್ಯವನ್ನು ಮುಂದಿಟ್ಟು ಕೇಳಿದರೆ ಹಣ ಬರುತ್ತದೆಂದು ಗೆಳೆಯರು ಹೇಳುತ್ತಾರೆ. ಏನು ಮಾಡಲಿ?
— ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ನಾಲ್ಕು ಲಕ್ಷ ಎಂಬ ಮೊತ್ತವನ್ನು ಮೊದಲು ಒಡೆಯಿರಿ. ಇಡೀ ಮೊತ್ತವನ್ನು ಒಟ್ಟಿಗೆ ಕೇಳಿದರೆ, ಕೊಡುವವರಿಗೆ ತಾವು ಕೊಟ್ಟ ಎರಡು ಸಾವಿರ ಎಲ್ಲಿ ಹೋಗಿ ಸೇರಿತೆಂದು ತಿಳಿಯುವುದಿಲ್ಲ. ನಿಮ್ಮ ಬಾಕಿ ಕೆಲಸಗಳಲ್ಲಿ ಮುಂದೂಡಲಾಗದ್ದು ಧ್ವನಿಯೊಂದೇ ಎಂಬುದು ನನ್ನ ಅಭಿಪ್ರಾಯ. ಕೊಡಗಿನ ತೋಟದಲ್ಲಿ ಚಿತ್ರೀಕರಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸಿಲ್ವರ್ ಮರಗಳ ಗಾಳಿ, ತಗಡಿನ ಮೇಲೆ ಬೀಳುವ ಮಳೆ, ದೂರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು, ಎಲ್ಲವೂ ಸಂಭಾಷಣೆಯೊಳಗೆ ನುಗ್ಗಿರುತ್ತವೆ. ಚಿತ್ರ ತುಸು ಮಂಕಾಗಿದ್ದರೆ ಪ್ರೇಕ್ಷಕರು ಸಹಿಸಿಕೊಳ್ಳುತ್ತಾರೆ; ಮಗು ಏನು ಹೇಳಿತೆಂದು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಊರಿನ ಹೆಸರು ಹೇಳಲಾಗದ ಹುಡುಗಿಯ ಕಥೆಯಲ್ಲಂತೂ ಅವಳ ಮಾತು ಮತ್ತು ಅವಳ ಮೌನ ಎರಡೂ ಸ್ಪಷ್ಟವಾಗಿ ಕೇಳಲೇಬೇಕು. ಸಂಗೀತವನ್ನು ಅರ್ಧಕ್ಕೆ ಇಳಿಸಿ. ಚಿತ್ರಮಂದಿರದ ಪ್ರೊಜೆಕ್ಟರ್‌ಗೆ ಬೇಕಾಗುವ ಡಿಸಿಪಿ ಪ್ರತಿಯ ಖರ್ಚನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆಯಿರಿ, ಏಕೆಂದರೆ ಉತ್ಸವಗಳಿಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಅಂತರ್ಜಾಲದ ಕೊಂಡಿಯೇ ಸಾಕಾಗುತ್ತದೆ. ಆಯ್ಕೆಯಾದ ಮೇಲೆ ಆ ಚಿಂತೆ. ಉಪಶೀರ್ಷಿಕೆಯನ್ನು ನೀವೇ ಬರೆಯಬಹುದು, ಆದರೆ ಅಸ್ಸಾಮಿ ಮಾತುಗಳನ್ನು ಆ ಭಾಷೆ ಬಲ್ಲವರಿಂದ ತಿದ್ದಿಸದೆ ಬಿಡಬೇಡಿ. ಆಗ ನೀವು ಕೇಳಬೇಕಾದ ಮೊದಲ ಮೊತ್ತ ಒಂದೂವರೆ ಲಕ್ಷದೊಳಗೆ ಬರಬಹುದು, ಅದಕ್ಕೆ 'ಧ್ವನಿಗಾಗಿ' ಎಂಬ ಹೆಸರೂ ಇರುತ್ತದೆ. ಧ್ವನಿಯ ಕೆಲಸ ಮುಗಿದು ಲೆಕ್ಕ ಒಪ್ಪಿಸಿದ ಮೇಲೆ ಬಣ್ಣಕ್ಕಾಗಿ ಕೇಳಿ.

ಇನ್ನು ಯಾರನ್ನು ಕೇಳುವುದೆಂಬ ಮಾತು. ದೇಣಿಗೆಯ ಪುಟವೆಂಬುದು ಹಣ ಹಾಕುವ ಹುಂಡಿಯೇ ಹೊರತು ಕೇಳುವ ಬಾಯಲ್ಲ. 1976ರಲ್ಲಿ ಶ್ಯಾಮ್ ಬೆನಗಲ್ ಅವರ 'ಮಂಥನ'ಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಕಥೆ ಅವರದೇ ಆಗಿತ್ತು, ಕೇಳಲು ಅವರದೇ ಸಹಕಾರ ಸಂಘಗಳಿದ್ದವು. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ತಂಡ ಊರೂರು ಸುತ್ತಿ, ಚಿತ್ರಗಳನ್ನು ತೋರಿಸಿ, ಜನರಿಂದಲೇ ಕೂಡಿಸಿದ ಹಣದಲ್ಲಿ 1986ರ 'ಅಮ್ಮ ಅರಿಯಾನ್' ಮಾಡಿತು. ಜನರಿಂದ ಹಣ ಕೂಡಿಸಿ ಮಾಡಿದ್ದೆಂದು ನಮ್ಮಲ್ಲಿ ಎಲ್ಲರೂ ಉದಾಹರಿಸುವ 2013ರ 'ಲೂಸಿಯಾ'ವನ್ನು ನೀವು ಮಾದರಿಯಾಗಿ ಇಟ್ಟುಕೊಳ್ಳಬಾರದೆಂದು ನನಗನ್ನಿಸುತ್ತದೆ, ಏಕೆಂದರೆ ಅದು ಚಿತ್ರಮಂದಿರದಲ್ಲಿ ಗಳಿಸಬಲ್ಲ ಪೂರ್ಣಪ್ರಮಾಣದ ಚಿತ್ರ, ಅದರ ನಿರ್ದೇಶಕರು ಆಗಲೇ ಒಂದು ಚಿತ್ರ ಮಾಡಿ ಪರಿಚಿತರಾಗಿದ್ದರು. ಕಿರುಚಿತ್ರಕ್ಕೆ ಅಂಥ ಮಾರುಕಟ್ಟೆಯಿಲ್ಲ.

ಹಾಗೆಂದು 'ಮಂಥನ'ದ ದಾರಿಯೂ ನಿಮಗೆ ನೇರವಾಗಿ ಒದಗುವುದಿಲ್ಲ. ನಿಮ್ಮ ಕಥೆ ಯಾರದೋ ಅವರು ದಿನಗೂಲಿಯವರು; ಅವರಲ್ಲಿ ಹಣ ಕೇಳುವುದು ಸಲ್ಲ. ಅವರಿಗೆ ಚಿತ್ರವನ್ನು ಎಲ್ಲರಿಗಿಂತ ಮೊದಲು ತೋರಿಸಿ. ಹಣ ಕೇಳಬೇಕಾದದ್ದು ಅದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿದವರನ್ನು. ಕೊಡಗಿನಲ್ಲಿ 'ನಿಮ್ಮದು ಯಾವ ಒಕ್ಕ (ಮನೆತನ)?' ಎಂದು ಕೇಳಿಸಿಕೊಂಡೇ ಬೆಳೆದು, ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದು, ವರ್ಷಕ್ಕೊಮ್ಮೆ ಸುಗ್ಗಿ ಹಬ್ಬವಾದ ಪುತ್ತರಿಗೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದುಹೋಗುವ ಜನ ಸಾವಿರಾರು ಇದ್ದಾರೆ. ಅವರ ಮಕ್ಕಳಿಗೆ ಮೇಷ್ಟ್ರು ಅದೇ ಪ್ರಶ್ನೆ ಕೇಳಿದರೆ ಅವರೂ ತಡವರಿಸುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ತೊರೆದವರಿಗೆ ಊರು ಎಂದರೇನೆಂಬ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೋಣಿಕೊಪ್ಪಲು, ಪೊನ್ನಂಪೇಟೆ, ಮಡಿಕೇರಿಗಳಲ್ಲಿ ಶಾಲೆಯ ಸಭಾಂಗಣವನ್ನೋ ಸಮಾಜದ ಕಟ್ಟಡವನ್ನೋ ಕೇಳಿ ಪಡೆದು, ಇಡೀ ಚಿತ್ರವನ್ನಲ್ಲ, ಎಂಟು ನಿಮಿಷವನ್ನು ಮಾತ್ರ ತೋರಿಸಿ. ಧ್ವನಿ ಸರಿಯಿಲ್ಲದ ಒಂದು ದೃಶ್ಯವನ್ನು ಹಾಗೆಯೇ ಕೇಳಿಸಿ, ಇದನ್ನು ಸರಿಪಡಿಸಲು ಹಣ ಬೇಕು ಎನ್ನಿ. ಉಳಿದ ವಿವರಣೆ ಅನಗತ್ಯ.

ಕಾಲವನ್ನೂ ನೋಡಬೇಕು. ನೀವು ಪುಟ ತೆರೆದ ತಿಂಗಳು ಯಾವುದೆಂದು ಬರೆದಿಲ್ಲ. ಜುಲೈ ಆಗಸ್ಟಿನ ಕಕ್ಕಡದ ಮಳೆಯಲ್ಲಿ ತೆರೆದಿದ್ದರೆ 23,000 ಬಂದದ್ದೇ ಹೆಚ್ಚು. ಆಗ ಬೆಳೆಗಾರರ ಕೈ ಖಾಲಿ, ವಿದ್ಯುತ್ತೂ ಇರುವುದಿಲ್ಲ. ರೊಬಸ್ಟಾ ಕೊಯ್ಲು ಮುಗಿದು ಕಾಫಿ ಮಾರಾಟವಾದ ಮೇಲೆ, ಫೆಬ್ರವರಿ ಮಾರ್ಚಿನ ಹೊತ್ತಿಗೆ, ಇಲ್ಲಿ ಹಣ ಓಡಾಡುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕೊಡವ ಹಾಕಿ ಹಬ್ಬಕ್ಕೆ ಹೊರಗಿದ್ದವರೂ ಊರಿಗೆ ಬರುತ್ತಾರೆ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಆರಂಭವಾದ ಆ ಹಬ್ಬವನ್ನು ಪ್ರತಿವರ್ಷ ಒಂದೊಂದು ಕುಟುಂಬ ಹೊತ್ತು ನಡೆಸುತ್ತದೆ. ಅಂಥ ಜವಾಬ್ದಾರಿ ಹೊತ್ತ ಕುಟುಂಬದ ಹಿರಿಯರೊಬ್ಬರ ಬಳಿ ಒಂದು ಸಂಜೆ ಕುಳಿತು, ಹಣವನ್ನು ಹೇಗೆ ಕೂಡಿಸಿದಿರಿ, ಲೆಕ್ಕವನ್ನು ಹೇಗೆ ಇಟ್ಟಿರಿ ಎಂದು ಕೇಳಿ. ದೇಣಿಗೆ ಕೂಡಿಸುವುದರ ಬಗ್ಗೆ ನನಗಿಂತ ಹೆಚ್ಚು ಅವರು ಹೇಳಬಲ್ಲರು.

ಅಳುವ ದೃಶ್ಯದ ವಿಷಯದಲ್ಲಿ ನನ್ನ ಉತ್ತರ ಖಂಡಿತವಾಗಿ ಬೇಡವೆಂದೇ. ಆ ಮಗು ಪಾತ್ರವಾಗಿ ಅಳಲು ಒಪ್ಪಿತ್ತು, ಅದರ ತಂದೆತಾಯಿ ಚಿತ್ರಕ್ಕಾಗಿ ಒಪ್ಪಿದ್ದರು. ಹಣ ಎತ್ತುವ ಫಲಕದ ಮೇಲೆ ಆ ಮುಖ ಬರುವುದಕ್ಕೆ ಯಾರೂ ಒಪ್ಪಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಹುಡುಗಿಯನ್ನು ಇಲ್ಲಿಯವಳೆಂದು ಎಣಿಸಿ ಎಂಬುದು ನಿಮ್ಮ ಚಿತ್ರದ ಮಾತಾಗಿರುವಾಗ, ಇವಳು ಪಾಪ, ಹೊರಗಿನವಳು, ಕನಿಕರ ತೋರಿ ಎಂದು ಅದೇ ಚಿತ್ರದ ಹೆಸರಿನಲ್ಲಿ ಬೇಡಿದರೆ, ಕೊಟ್ಟವರು ಚಿತ್ರವನ್ನು ನೋಡುವ ಮೊದಲೇ ಅದನ್ನು ತಪ್ಪಾಗಿ ಓದಿರುತ್ತಾರೆ. ಅವಳು ಸಹಪಾಠಿಗಳೊಡನೆ ಕನ್ನಡದಲ್ಲಿ ಜಗಳವಾಡುವ ದೃಶ್ಯವೇನಾದರೂ ಇದ್ದರೆ ಅದನ್ನು ಹಾಕಿ. ಬಾಲನಟರಿಗೆ ಸಂಬಂಧಿಸಿದ 2017ರ ನಿಯಮಗಳು ನಿಮಗೆ ತಿಳಿದಿರಬಹುದು: ಜಿಲ್ಲಾಧಿಕಾರಿಯ ಅನುಮತಿ, ದಿನಕ್ಕೆ ಐದು ಗಂಟೆಗೆ ಮೀರದ ಕೆಲಸ, ಸಂಭಾವನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ಠೇವಣಿ. ಇದರ ಕಾಗದಗಳನ್ನು ಜೋಡಿಸಿ ಇಟ್ಟುಕೊಳ್ಳಿ. ಹಣ ಕೊಡುವವರಲ್ಲಿ ಒಬ್ಬರಾದರೂ ಕೇಳುತ್ತಾರೆ, ಕೇಳಬೇಕು ಕೂಡ.

ಕಾನೂನಿನ ನಾಲ್ಕು ಮಾತು. ಒಂದು ಆರ್ಥಿಕ ವರ್ಷದಲ್ಲಿ ಸಂಬಂಧಿಕರಲ್ಲದವರಿಂದ ನಿಮ್ಮ ಸ್ವಂತ ಹೆಸರಿಗೆ ಬಂದ ಉಡುಗೊರೆಯ ಹಣ ಒಟ್ಟು 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಅತ್ತೆ ಮಾವನ ಹಣ ಈ ಲೆಕ್ಕಕ್ಕೆ ಬರುವುದಿಲ್ಲವೆಂಬುದು ನಿಮ್ಮ ಪಾಲಿಗೆ ಸಮಾಧಾನದ ಸಂಗತಿ. ಕೊಡುವವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆಂದು ಹೇಳಬೇಡಿ. ಅದು ಅನುಮೋದಿತ ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ. ಲಾಭದಲ್ಲಿ ಪಾಲು ಕೊಡುವೆನೆಂದಂತೂ ಹೇಳಲೇಬೇಡಿ, ಸಾರ್ವಜನಿಕರಿಂದ ಹಾಗೆ ಹಣ ಎತ್ತುವುದಕ್ಕೆ ಬೇರೆಯೇ ಕಟ್ಟುಪಾಡುಗಳಿವೆ. ವಿದೇಶಿ ಪೌರತ್ವ ಪಡೆದಿರುವ ನೆಂಟರ ಹಣ ಪಡೆಯುವ ಮೊದಲು ಲೆಕ್ಕಪರಿಶೋಧಕರೊಬ್ಬರನ್ನು ಕೇಳಿ.

ಪ್ರಶ್ನೆ: ನಾನು ಸಣ್ಣ ಬೆಳೆಗಾರ. ಲೈನ್ ಮನೆಯ ಮಕ್ಕಳ ಬಗ್ಗೆ ಚಿತ್ರ ಮಾಡುತ್ತಿರುವ ಯುವಕರೊಬ್ಬರು ಅದನ್ನು ಮುಗಿಸಲು 25,000 ರೂಪಾಯಿ ಕೇಳಿದ್ದಾರೆ. ಕೊಡುವ ಮನಸ್ಸಿದೆ. ಆದರೆ ಅದರಲ್ಲಿ ಸೋರುವ ಸೂರಿನ ದೃಶ್ಯವೊಂದಿದೆ, ಅದನ್ನು ತೆಗೆಯಲು ಹೇಳಬಹುದೇ?
— ಓದುಗರು, ಸೋಮವಾರಪೇಟೆ

ಉತ್ತರ: ಹೇಳಬಾರದು. ಹಣ ಯಾರ ಖಾತೆಗೆ ಹೋಗುತ್ತದೆ, ಯಾವ ಕೆಲಸಕ್ಕೆ, ರಸೀದಿ ಕೊಡುತ್ತಾರೆಯೇ, ಚಿತ್ರ ಮುಗಿಯದಿದ್ದರೆ ಉಳಿದದ್ದನ್ನು ಹಿಂತಿರುಗಿಸುತ್ತಾರೆಯೇ ಎಂದು ಕೇಳಲು ನಿಮಗೆ ಪೂರ್ಣ ಹಕ್ಕಿದೆ. ದೃಶ್ಯದ ಮೇಲೆ ಹಕ್ಕಿಲ್ಲ. ಮನಸ್ಸು ಒಪ್ಪದಿದ್ದರೆ ಕೊಡದೆ ಇರುವುದೂ ಗೌರವದ ದಾರಿಯೇ, ಯಾರೂ ತಪ್ಪು ತಿಳಿಯರು. ದೃಶ್ಯ ನಿಮ್ಮ ತೋಟದ್ದೇ ಆಗಿದ್ದರೆ ಆ 25,000ವನ್ನು ಮೊದಲು ಸೂರಿಗೆ ಖರ್ಚು ಮಾಡಿ, ಮಳೆಗಾಲಕ್ಕೆ ಮುಂಚೆ.

ಪ್ರಶ್ನೆ: ನಮ್ಮ ಕಾಲೇಜು ತಂಡದ ಕಿರುಚಿತ್ರದಲ್ಲಿ ಮಕ್ಕಳು ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡೊಂದನ್ನು ಹಾಡುತ್ತಾರೆ. ಲಾಭಕ್ಕಾಗಿ ಮಾಡಿದ ಚಿತ್ರವಲ್ಲ. ಹಾಡಿನ ಹಕ್ಕಿಗೆ ಕೊಡಲು ಹಣವಿಲ್ಲ. ಹಾಗೆಯೇ ಬಿಡಬಹುದೇ?
— ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಲಾಭವಿಲ್ಲವೆಂಬ ಕಾರಣಕ್ಕೆ ಅನುಮತಿ ಬೇಡವೆಂದಾಗುವುದಿಲ್ಲ. ಧ್ವನಿಮುದ್ರಿತ ಹಾಡನ್ನು ಬಳಸದೆ ಮಕ್ಕಳೇ ಹಾಡಿದರೂ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಉಳಿದೇ ಇರುತ್ತದೆ. ನಮ್ಮ ದೇಶದಲ್ಲಿ ಅದು ರಚನೆಕಾರರು ತೀರಿಕೊಂಡ ಮೇಲೂ 60 ವರ್ಷ ಮುಂದುವರಿಯುತ್ತದೆ. ಉತ್ಸವಗಳು ಹಕ್ಕಿನ ಪತ್ರ ಕೇಳಬಹುದು, ಯೂಟ್ಯೂಬ್ ಚಿತ್ರವನ್ನೇ ತಡೆಯಬಹುದು. ನೀವಿನ್ನೂ ಸಂಕಲನದ ಹಂತದಲ್ಲಿದ್ದರೆ ಆ ದೃಶ್ಯವನ್ನು ವೇದಿಕೆಯ ಹಿಂದಿನಿಂದ ಕಟ್ಟಲು ಸಾಧ್ಯವೇ ನೋಡಿ: ಹಾಡು ಶುರುವಾಗುವ ಮುನ್ನ ಮಕ್ಕಳು ಸಾಲಾಗಿ ನಿಂತು, ಮೈಕ್ ಸರಿಯಾಗುವವರೆಗೆ ತಾವೇ ಕಟ್ಟಿಕೊಂಡ ಪ್ರಾಸದ ಸಾಲುಗಳನ್ನು ಪಿಸುಗುಟ್ಟುತ್ತಾರಲ್ಲ, ಅದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ.